ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್: ನಿಮ್ಮ ಡಿಸ್ಕ್‌ಗೆ ಹೊಂದುವ ಫೈಲ್‌ಸಿಸ್ಟಮ್ ಯಾವುದು?

ಹೊಸ ಡಿಸ್ಕ್ ತಂದು ಲಿನಕ್ಸ್‌ನಲ್ಲಿ ಫಾರ್ಮ್ಯಾಟ್ ಮಾಡಲು ಕುಳಿತವರು ನನ್ನನ್ನು ಮೊದಲು ಕೇಳುವುದು ‘ಯಾವ ಫೈಲ್‌ಸಿಸ್ಟಮ್ ಹೆಚ್ಚು ವೇಗ?’ ಎಂದು. ಫೈಲ್‌ಸಿಸ್ಟಮ್ ಎಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿ ಅವುಗಳ ಲೆಕ್ಕ ಇಡುವ ವ್ಯವಸ್ಥೆ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ‘ನಿಮ್ಮಲ್ಲಿ ಕರೆಂಟ್ ಹೋದಾಗ ಆ ಕಂಪ್ಯೂಟರ್‌ಗೆ ಏನಾಗುತ್ತದೆ?’ ಹೆಚ್ಚಿನವರು ಇದಕ್ಕೆ ತಕ್ಷಣ ಉತ್ತರಿಸುವುದಿಲ್ಲ. ವೇಗದ ಪಟ್ಟಿಗಳನ್ನು ಓದಿದಷ್ಟು ಶ್ರದ್ಧೆಯಿಂದ ಯಾರೂ ತಮ್ಮ ಮೇಜಿನ ಕೆಳಗಿನ ಪ್ಲಗ್ ಪಾಯಿಂಟನ್ನು ನೋಡಿರುವುದಿಲ್ಲ.

ಈ ಗೊಂದಲದೊಡನೆ ಬರುವವರಲ್ಲಿ ಮೂರು ಬಗೆಯವರು ಹೆಚ್ಚು. ಮದುವೆಯ ಫೋಟೊ, ವಿಡಿಯೊ ತೆಗೆದು 4 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಕೂಡಿಡುವವರು ಒಂದು ಬಗೆ. ಅಂಗಡಿಯ ಬಿಲ್ಲು, ಸಂಘದ ಲೆಕ್ಕ ಇವನ್ನು ಒಂದೇ ಕಂಪ್ಯೂಟರಿನ ಡೇಟಾಬೇಸಿನಲ್ಲಿ ಇಟ್ಟು ದಿನವಿಡೀ ನಡೆಸುವವರು ಇನ್ನೊಂದು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ ಅದರಲ್ಲೇ ಕಲಿಯುವ ವಿದ್ಯಾರ್ಥಿಗಳು ಮೂರನೆಯ ಬಗೆ. ಮೂವರಿಗೂ ಒಂದೇ ಉತ್ತರ ಕೊಡಲಾಗದು. ಆದರೆ ಉತ್ತರವನ್ನು ತೂಗುವ ತಕ್ಕಡಿ ಮೂವರಿಗೂ ಒಂದೇ.

ಕಿರ್ದಿ ಮತ್ತು ಖಾತೆ

ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರನ್ನು ನೋಡಿದವರಿಗೆ ಜರ್ನಲ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂಟೆ ಬಂದಂತೆ, ಹಣ ಹೋದಂತೆ, ಅದೇ ಕ್ರಮದಲ್ಲಿ ಅವರು ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಒಬ್ಬೊಬ್ಬರ ಖಾತೆಗೆ ಏರಿಸುವುದು ಆಮೇಲೆ, ಬಿಡುವಾದಾಗ. ಖಾತೆಗೆ ಏರಿಸುತ್ತಿರುವಾಗ ಯಾರೋ ಕರೆದರೆಂದು ಎದ್ದುಹೋದರೂ ಲೆಕ್ಕ ಕೆಡುವುದಿಲ್ಲ. ಮರಳಿ ಬಂದು, ಕಿರ್ದಿಯಲ್ಲಿ ಎಲ್ಲಿಗೆ ನಿಲ್ಲಿಸಿದ್ದೆನೆಂದು ನೋಡಿ ಅಲ್ಲಿಂದ ಮುಂದುವರಿಸಿದರಾಯಿತು. ಕಿರ್ದಿಯ ಸಾಲೇ ಅರ್ಧಕ್ಕೆ ನಿಂತಿದ್ದರೆ ಆ ವ್ಯವಹಾರ ನಡೆಯಲೇ ಇಲ್ಲವೆಂದು ಸಾಲನ್ನು ಹೊಡೆದುಹಾಕುತ್ತಾರೆ.

ಜರ್ನಲ್ ಇರುವ ಫೈಲ್‌ಸಿಸ್ಟಮ್ ಮಾಡುವುದೂ ಇದನ್ನೇ. ಒಂದು ಕಡತವನ್ನು ಸೃಷ್ಟಿಸುವಾಗ ಫೋಲ್ಡರಿನ ಪಟ್ಟಿ, ಐನೋಡ್ (ಪ್ರತಿ ಕಡತಕ್ಕೂ ಇರುವ ವಿವರದ ಚೀಟಿ), ಖಾಲಿ ಬ್ಲಾಕ್‌ಗಳ (ಡಿಸ್ಕಿನ ಸಣ್ಣ ತುಂಡುಗಳ) ನಕ್ಷೆ ಹೀಗೆ ಹಲವು ಕಡೆ ತಿದ್ದಬೇಕಾಗುತ್ತದೆ. ಆ ತಿದ್ದುಪಡಿಗಳೆಲ್ಲ ಮೊದಲು ಜರ್ನಲ್‌ನಲ್ಲಿ ಒಂದು ಗುಂಪಾಗಿ ದಾಖಲಾಗಿ, ಗುಂಪು ಪೂರ್ಣವಾಯಿತೆಂಬ ಮುದ್ರೆ ಬಿದ್ದ ಮೇಲಷ್ಟೇ ತಮ್ಮ ತಮ್ಮ ಜಾಗಗಳಿಗೆ ಹೋಗುತ್ತವೆ. ನಡುವೆ ಕರೆಂಟ್ ಹೋಗಿ ಮತ್ತೆ ಯಂತ್ರ ಎದ್ದಾಗ ಪರದೆಯ ಮೇಲೆ ‘ರಿಕವರಿಂಗ್ ಜರ್ನಲ್’ ಎಂಬ ಒಂದು ಸಾಲು, ಅದರ ಹಿಂದೆಯೇ ‘ಕ್ಲೀನ್’ ಎಂಬ ಇನ್ನೊಂದು ಸಾಲು ಬಂದು ಹೋಗುತ್ತವೆ. ಜರ್ನಲ್ ಇಲ್ಲದ ಇಎಕ್ಸ್‌ಟಿ2 ಕಾಲದಲ್ಲಿ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡುವುದನ್ನು ಕಾಯುತ್ತ ಕುಳಿತವರಿಗೆ ಈ ಎರಡು ಸಾಲುಗಳ ಬೆಲೆ ಗೊತ್ತು.

ಆದರೆ ಕಿರ್ದಿಯಲ್ಲಿ ‘ಮೂಟೆ ಬಂತು’ ಎಂದು ಬರೆದಿರುತ್ತದೆಯೇ ಹೊರತು ಅಡಕೆಯನ್ನು ಕಿರ್ದಿಯೊಳಗೆ ಇಟ್ಟಿರುವುದಿಲ್ಲ. ಹೆಚ್ಚಿನ ಫೈಲ್‌ಸಿಸ್ಟಮ್‌ಗಳ ಜರ್ನಲ್ ಕೂಡ ಮೆಟಾಡೇಟಾವನ್ನು, ಅಂದರೆ ಕಡತಗಳ ಬಗೆಗಿನ ಲೆಕ್ಕವನ್ನು ಮಾತ್ರ ಕಾಯುತ್ತದೆ. ಕಡತದೊಳಗಿನ ನಿಮ್ಮ ಬರಹವನ್ನಲ್ಲ. ಅರ್ಧ ಬರೆದಿದ್ದ ಪತ್ರ ಅರ್ಧವೇ ಉಳಿಯಬಹುದು, ಅಥವಾ ಉಳಿಯದೆಯೂ ಇರಬಹುದು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಮುಂದಿನ ಆಯ್ಕೆಗಳಲ್ಲಿ ಅರ್ಧದಷ್ಟು ತಾನಾಗಿ ಬಿಡಿಸಿಕೊಳ್ಳುತ್ತವೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಕರೆಂಟ್, ಯಂತ್ರ ದಿಢೀರನೆ ಆರುವ ಸಂಭವ ಎಷ್ಟೆಂಬುದು. ಎರಡನೆಯದು ಕಡತಗಳ ಸ್ವರೂಪ: ದೊಡ್ಡ ಕಡತಗಳು ಕೆಲವೇ ಇವೆಯೋ, ಪುಟ್ಟ ಕಡತಗಳು ಲಕ್ಷಗಟ್ಟಲೆ ಇವೆಯೋ, ಅಥವಾ ಒಂದೇ ಕಡತದ ನಡುನಡುವೆ ಸದಾ ತಿದ್ದುವ ಡೇಟಾಬೇಸೋ. ಮೂರನೆಯದು ಮುಂದೆ ಪಾರ್ಟಿಷನ್ ಹಿಗ್ಗಿಸುವ, ಅದಕ್ಕಿಂತ ಮುಖ್ಯವಾಗಿ ಕುಗ್ಗಿಸುವ ಅಗತ್ಯ. ನಾಲ್ಕನೆಯದು ಕೆಟ್ಟಾಗ ಸರಿಪಡಿಸುವವರು ಯಾರು, ಅವರ ಕೈಯಲ್ಲಿ ಯಾವ ಸಲಕರಣೆ ಇದೆ ಎಂಬುದು. ಐದನೆಯದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು), ಚೆಕ್‌ಸಮ್ (ಕೆಟ್ಟದ್ದನ್ನು ಪತ್ತೆಹಚ್ಚುವ ತಾಳೆ ಸಂಖ್ಯೆ), ಸಂಕೋಚನ ಇಂಥ ಹೆಚ್ಚುವರಿ ಅನುಕೂಲಗಳು ನಿಜವಾಗಿ ಬೇಕೇ ಎಂಬುದು.

ಇವೆಲ್ಲದರ ಮೇಲೆ ನಾನು ಇನ್ನೊಂದು ಗೆರೆ ಎಳೆಯುತ್ತೇನೆ. ಕೆಲವು ನಿರ್ಧಾರಗಳನ್ನು ಫಾರ್ಮ್ಯಾಟ್ ಮಾಡುವ ಕ್ಷಣದಲ್ಲಿ ಒಮ್ಮೆ ಮಾತ್ರ ತೆಗೆದುಕೊಳ್ಳಬಹುದು: ಯಾವ ಫೈಲ್‌ಸಿಸ್ಟಮ್, ಎಷ್ಟು ಐನೋಡ್, ಎಕ್ಸ್‌ಎಫ್‌ಎಸ್ ಆದರೆ ಲಾಗ್‌ನ, ಅಂದರೆ ಜರ್ನಲ್‌ನ, ಗಾತ್ರ. ಕೆಲವನ್ನು ಅನ್‌ಮೌಂಟ್ ಮಾಡಿ, ಅಂದರೆ ಡಿಸ್ಕನ್ನು ಬಳಕೆಯಿಂದ ಕಳಚಿ, ತಿದ್ದಬಹುದು. ಉಳಿದವು, ಡಿಸ್ಕ್‌ಗಳನ್ನು ಹೇಗೆ ಮೌಂಟ್ ಮಾಡಬೇಕೆಂದು (ಬಳಕೆಗೆ ಜೋಡಿಸಬೇಕೆಂದು) ಬರೆದಿರುವ ಎಫ್‌ಎಸ್‌ಟ್ಯಾಬ್ ಕಡತದ ಒಂದು ಸಾಲಿನಲ್ಲಿ ಬದಲಾಗುವಂಥವು. ಜನ ತಲೆ ಕೆಡಿಸಿಕೊಳ್ಳುವುದು ಈ ಕೊನೆಯ ಗುಂಪಿನ ಬಗ್ಗೆ. ಯೋಚಿಸಬೇಕಾದದ್ದು ಮೊದಲ ಗುಂಪಿನ ಬಗ್ಗೆ.

ಇಎಕ್ಸ್‌ಟಿ4

1993ರ ಇಎಕ್ಸ್‌ಟಿ2ಗೆ ಜರ್ನಲ್ ಸೇರಿಸಿದ್ದು ಇಎಕ್ಸ್‌ಟಿ3. ಅದು ಅಧಿಕೃತ ಕರ್ನೆಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬಂದದ್ದು 2001ರಲ್ಲಿ. ಅದನ್ನೇ ಬೆಳೆಸಿದ ಇಎಕ್ಸ್‌ಟಿ4 2008ರ ಡಿಸೆಂಬರಿನಲ್ಲಿ, 2.6.28ನೇ ಕರ್ನೆಲ್‌ನಲ್ಲಿ ಬಳಕೆಗೆ ಸಿದ್ಧವೆಂದು ಘೋಷಿತವಾಯಿತು. ಡೆಬಿಯನ್, ಉಬುಂಟು ಹಾಕಿದವರಿಗೆ ತಾನಾಗಿ ಸಿಗುವುದು ಇದೇ. ಇದರ ದೊಡ್ಡ ಗುಣ ಹಳೆಯ ಅಡುಗೆಮನೆಯ ಗುಣ, ಅಂದರೆ ಯಾವ ಪಾತ್ರೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುವುದು. ರಿಪೇರಿ ಮಾಡುವ ಇ2ಎಫ್‌ಎಸ್‌ಸಿಕೆ ಎಂಬ ಸಲಕರಣೆ ದಶಕಗಳಿಂದ ಪೆಟ್ಟು ತಿಂದು ಪಳಗಿದೆ. ಫೈಲ್‌ಸಿಸ್ಟಮ್‌ನ ಮೂಲ ವಿವರಗಳಿರುವ ಸೂಪರ್‌ಬ್ಲಾಕ್ ಹಾಳಾದರೆ ಅದರ ಪ್ರತಿಗಳು ಗೊತ್ತಿರುವ ಜಾಗಗಳಲ್ಲಿ ಇರುತ್ತವೆ. 4 ಕೆಬಿ ಬ್ಲಾಕಿನ ಡಿಸ್ಕ್ ಆದರೆ ಮೊದಲ ಪ್ರತಿ 32768ನೇ ಬ್ಲಾಕಿನಲ್ಲಿ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡದ್ದರಿಂದ ನಾನು ಎರಡು ಡಿಸ್ಕ್‌ಗಳನ್ನು ಬದುಕಿಸಿದ್ದೇನೆ.

ಹಿಗ್ಗಿಸುವುದನ್ನು ಕೆಲಸ ನಡೆಯುತ್ತಿರುವಾಗಲೇ ಮಾಡಬಹುದು, ಕುಗ್ಗಿಸುವುದನ್ನು ಅನ್‌ಮೌಂಟ್ ಮಾಡಿ ಮಾಡಬಹುದು. ಮುಂದೆ ವಿಂಡೋಸ್‌ಗೆ ಒಂದಿಷ್ಟು ಜಾಗ ಬಿಟ್ಟುಕೊಡಬೇಕಾದೀತು ಎಂಬ ಅನುಮಾನ ಇರುವವರಿಗೆ ಈ ಒಂದು ಕಾರಣವೇ ಸಾಕು.

ಇದರಲ್ಲಿ ಜರ್ನಲ್‌ಗೆ ಮೂರು ನಡೆಗಳಿವೆ. ತಾನಾಗಿ ಬರುವ ‘ಆರ್ಡರ್ಡ್’ ನಡೆಯಲ್ಲಿ ಮೆಟಾಡೇಟಾ ಮಾತ್ರ ಜರ್ನಲ್‌ಗೆ ಹೋಗುತ್ತದೆ. ಆದರೆ ಕಡತದ ಹೊಸ ಬ್ಲಾಕ್‌ಗಳ ಒಡಲು ಡಿಸ್ಕಿಗೆ ಸೇರಿದ ಮೇಲೆಯೇ ಅವುಗಳ ಲೆಕ್ಕಕ್ಕೆ ಮುದ್ರೆ ಬೀಳುತ್ತದೆ. ಹೀಗಾಗಿ ಕಡತದೊಳಗೆ ಹಿಂದೆಂದೋ ಅಳಿಸಿದ್ದ ಬೇರೆ ಕಡತದ ಕಸ ಕಾಣಿಸಿಕೊಳ್ಳುವುದಿಲ್ಲ. ‘ರೈಟ್‌ಬ್ಯಾಕ್’ ನಡೆ ಈ ಕ್ರಮವನ್ನು ಕೈಬಿಡುತ್ತದೆ, ಸ್ವಲ್ಪ ವೇಗ ಸಿಗುತ್ತದೆ. ಆದರೆ ದಿಢೀರನೆ ಆರಿದ ಮೇಲೆ ಒಬ್ಬರ ಕಡತದಲ್ಲಿ ಇನ್ನೊಬ್ಬರ ಹಳೆಯ ಬರಹದ ತುಣುಕು ಸಿಗುವ ಸಾಧ್ಯತೆ ಇರುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಮೂರನೆಯ ‘ಜರ್ನಲ್’ ನಡೆ ಮೂಟೆಯ ಜತೆ ಅಡಕೆಯನ್ನೂ ಕಿರ್ದಿಯಲ್ಲಿಡುವಂಥದು. ಎಲ್ಲವನ್ನೂ ಎರಡೆರಡು ಸಲ ಬರೆಯಬೇಕು, ಬ್ಲಾಕ್ ಹಂಚುವುದನ್ನು ತಡಮಾಡಿ ಮಾಡುವ ಜಾಣತನವೂ ಆಗ ನಿಂತುಹೋಗುತ್ತದೆ. ಪುಟ್ಟ ಕಡತಗಳನ್ನು ಬರೆದು ಒಡನೆಯೇ ಎಫ್‌ಸಿಂಕ್ ಮಾಡುವ (ಡಿಸ್ಕಿಗೆ ಈಗಲೇ ಇಳಿಸೆಂದು ಹೇಳುವ) ಕೆಲಸಗಳಲ್ಲಿ ಇದು ಅಷ್ಟೇನೂ ಭಾರವಾಗುವುದಿಲ್ಲ; ವಿಡಿಯೊ ನಕಲಿಸುವವರಿಗೆ ಶಿಕ್ಷೆ. ನಡೆಯನ್ನು ಬದಲಿಸಲು ರೀಮೌಂಟ್ ಸಾಲದು. ಒಮ್ಮೆ ಅನ್‌ಮೌಂಟ್ ಮಾಡಿಯೇ ಮತ್ತೆ ಮೌಂಟ್ ಮಾಡಬೇಕು.

ತಡಮಾಡಿ ಹಂಚುವ ಜಾಣತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಎಕ್ಸ್‌ಟಿ3ರಲ್ಲಿ 5 ಸೆಕೆಂಡಿಗೊಮ್ಮೆ ಎಲ್ಲವೂ ಡಿಸ್ಕಿಗೆ ಇಳಿಯುತ್ತಿದ್ದುದರಿಂದ ಅನೇಕ ತಂತ್ರಾಂಶಗಳು ಎಫ್‌ಸಿಂಕ್ ಕರೆಯದೆಯೇ ಬದುಕಿದ್ದವು. ಇಎಕ್ಸ್‌ಟಿ4 ಬಂದ ಮೇಲೆ ಬ್ಲಾಕ್‌ಗಳು ಮೆಮೊರಿಯಲ್ಲೇ ಹೆಚ್ಚು ಹೊತ್ತು ಕಾಯತೊಡಗಿದವು, ಯಂತ್ರ ಆರಿ ಎದ್ದಾಗ ಸೆಟ್ಟಿಂಗ್ ಕಡತಗಳು ಸೊನ್ನೆ ಬೈಟ್ ಆಗಿ ಸಿಗತೊಡಗಿದವು. 2009ರಲ್ಲಿ ಈ ಬಗ್ಗೆ ದೊಡ್ಡ ಗದ್ದಲವೇ ಆಯಿತು. ಇಎಕ್ಸ್‌ಟಿ4ರ ಮುಖ್ಯ ನಿರ್ವಾಹಕ ಥಿಯೋಡರ್ ಚೋ ‘ತಪ್ಪು ತಂತ್ರಾಂಶಗಳದ್ದು’ ಎಂಬ ನಿಲುವನ್ನು ಬಿಡದೆಯೇ, ಹಳೆಯ ಕಡತದ ಮೇಲೆ ಹೊಸದನ್ನು ಮರುಹೆಸರಿಸಿ ಕೂರಿಸುವ ಸಂದರ್ಭಗಳನ್ನು ಗುರುತಿಸಿ ಒಡನೆಯೇ ಬರೆಸುವ ಉಪಾಯವನ್ನು 2.6.30ನೇ ಕರ್ನೆಲ್‌ಗೆ ಸೇರಿಸಿದರು. ಅದು ಈಗಲೂ ತಾನಾಗಿ ಚಾಲ್ತಿಯಲ್ಲಿದೆ. ಎಲ್ಲೋ ಓದಿದ ‘ವೇಗದ ಸಲಹೆ’ ನಂಬಿ ಅದನ್ನು ನಿಲ್ಲಿಸಬೇಡಿ.

ಇನ್ನು ಒಮ್ಮೆ ಮಾತ್ರ ಸಿಗುವ ಆಯ್ಕೆ, ಐನೋಡ್. ಪ್ರತಿ 16384 ಬೈಟ್‌ಗೆ ಒಂದು ಐನೋಡ್ ಎಂಬ ಲೆಕ್ಕದಲ್ಲಿ 4 ಟಿಬಿಯ ಡಿಸ್ಕಿನಲ್ಲಿ ಸುಮಾರು 24 ಕೋಟಿ ಐನೋಡ್‌ಗಳು ಮೊದಲೇ ಗೊತ್ತುಪಡಿಸಲ್ಪಡುತ್ತವೆ. ಒಂದಕ್ಕೆ 256 ಬೈಟ್‌ನಂತೆ ಅವೇ 62 ಜಿಬಿಯಷ್ಟು ಜಾಗ ಹಿಡಿಯುತ್ತವೆ. 25 ಎಂಬಿಯ ರಾ ಚಿತ್ರಗಳನ್ನು ತುಂಬಿದರೆ ಆ ಡಿಸ್ಕಿನಲ್ಲಿ ಹಿಡಿಯುವುದು ಒಂದೂವರೆ ಲಕ್ಷ ಚಿತ್ರ ಮಾತ್ರ. ಹಾಗಾಗಿ ಛಾಯಾಗ್ರಾಹಕರು ‘ಲಾರ್ಜ್‌ಫೈಲ್’ ಎಂಬ ಬಗೆಯನ್ನು ಆರಿಸಿ, 1 ಎಂಬಿಗೆ ಒಂದು ಐನೋಡ್ ಇಟ್ಟುಕೊಂಡರೆ ಸುಮಾರು 38 ಲಕ್ಷ ಕಡತಗಳಿಗೆ ಅವಕಾಶ ಉಳಿದು 60 ಜಿಬಿ ಕೈಗೆ ಬರುತ್ತದೆ.

ಈ ಸಲಹೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ನಾನೇ ಅನುಭವಿಸಿದ್ದೇನೆ. ಹಾಗೆ ಫಾರ್ಮ್ಯಾಟ್ ಮಾಡಿದ್ದ ಡಿಸ್ಕೊಂದನ್ನು ಕೆಲವು ವರ್ಷಗಳ ಮೇಲೆ, ಒಂದು ಪತ್ರಕ್ಕೊಂದು ಕಡತದಂತೆ ಉಳಿಸುವ ಇಮೇಲ್ ಬ್ಯಾಕಪ್‌ಗೆ ಬಳಸಿಕೊಂಡೆ. ಒಂದು ಬೆಳಗ್ಗೆ ಜಾಗವಿಲ್ಲವೆಂಬ ದೂರು. ಡಿಎಫ್ ಕಮಾಂಡ್ ಕೊಟ್ಟು ನೋಡಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಕಡತಗಳನ್ನು ಅಳಿಸಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಡಿಸ್ಕನ್ನೇ ಬೈದೆ. ಕೊನೆಗೆ ಅದೇ ಡಿಎಫ್‌ಗೆ ಐನೋಡ್ ಲೆಕ್ಕ ತೋರಿಸುವ ಆಯ್ಕೆ ಸೇರಿಸಿದಾಗ ಅಲ್ಲಿ ನೂರಕ್ಕೆ ನೂರು ಎಂದು ಕೂತಿತ್ತು. ಇಎಕ್ಸ್‌ಟಿ4ರಲ್ಲಿ ಈ ಅನುಪಾತವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಎಲ್ಲವನ್ನೂ ಬೇರೆಡೆಗೆ ಸಾಗಿಸಿ ಮತ್ತೆ ಫಾರ್ಮ್ಯಾಟ್ ಮಾಡಿದೆ. ಡಿಸ್ಕಿನ ಕೆಲಸ ಮುಂದೆ ಬದಲಾಗಬಹುದು ಎನ್ನಿಸಿದರೆ ಆ 60 ಜಿಬಿಯ ಆಸೆಯನ್ನು ಬಿಡುವುದೇ ಲೇಸು.

ಬದಲಿಗೆ ಯಾವಾಗ ಬೇಕಾದರೂ ತಿದ್ದಬಹುದಾದ ಇನ್ನೊಂದು ಗಂಟು ಇದೆ. ನೂರಕ್ಕೆ 5ರಷ್ಟು ಜಾಗವನ್ನು ಇಎಕ್ಸ್‌ಟಿ4 ರೂಟ್ ಬಳಕೆದಾರನಿಗೆಂದು, ಅಂದರೆ ಯಂತ್ರದ ಮೇಲ್ವಿಚಾರಕನಿಗೆಂದು, ಮೀಸಲಿಡುತ್ತದೆ. ಸಿಸ್ಟಮ್ ಇರುವ ಪಾರ್ಟಿಷನ್‌ನಲ್ಲಿ ಇದು ಬೇಕು, ಏಕೆಂದರೆ ಬಳಕೆದಾರರು ಜಾಗ ತುಂಬಿಬಿಟ್ಟರೂ ಸಿಸ್ಟಮ್ ಉಸಿರಾಡುತ್ತಿರುತ್ತದೆ. ಬರೀ ಚಿತ್ರಗಳಿರುವ 4 ಟಿಬಿ ಡಿಸ್ಕಿನಲ್ಲಿ ಅದು 200 ಜಿಬಿ. ಟ್ಯೂನ್2ಎಫ್‌ಎಸ್ ಕಮಾಂಡ್‌ನಿಂದ ಅದನ್ನು ನೂರಕ್ಕೆ 1ಕ್ಕೆ ಇಳಿಸಿದರೆ 160 ಜಿಬಿ ಒಡನೆಯೇ ಮರಳುತ್ತದೆ. ಒಳಗಿರುವ ಯಾವುದನ್ನೂ ಅಳಿಸಬೇಕಾಗಿಲ್ಲ.

ಎಕ್ಸ್‌ಎಫ್‌ಎಸ್

ಇದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ಐರಿಕ್ಸ್ ಯಂತ್ರಗಳಿಗೆಂದು ಕಟ್ಟಿ 1994ರಲ್ಲಿ ಹೊರತಂದದ್ದು. ಆಮೇಲೆ ಮುಕ್ತ ಪರವಾನಗಿಯಲ್ಲಿ ಲಿನಕ್ಸ್‌ಗೆ ಬಂತು. 2014ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದ ಅಲ್ಲಿ ತಾನಾಗಿ ಸಿಗುವುದು ಇದೇ. ಡಿಸ್ಕನ್ನು ಹಲವು ಹಂಚಿಕೆ ಗುಂಪುಗಳಾಗಿ ಒಡೆದು, ಒಂದೊಂದಕ್ಕೂ ತನ್ನದೇ ಲೆಕ್ಕ ಇಟ್ಟಿರುವುದರಿಂದ ಹಲವು ಕೆಲಸಗಳು ಒಟ್ಟಿಗೆ ಬರೆಯುವಾಗ ಒಂದು ಇನ್ನೊಂದನ್ನು ಕಾಯಬೇಕಾಗುವುದು ಕಡಿಮೆ. ದೊಡ್ಡ ಕಡತ, ದೊಡ್ಡ ಡಿಸ್ಕ್, ಹಲವು ಕೋರ್‌ಗಳ ಯಂತ್ರ ಇವು ಮೂರೂ ಕೂಡಿದಲ್ಲಿ ನನ್ನ ಮತ ಎಕ್ಸ್‌ಎಫ್‌ಎಸ್‌ಗೆ. ಐನೋಡ್‌ಗಳು ಬೇಕಾದಂತೆ ಹುಟ್ಟುವುದರಿಂದ ನಾನು ಮೇಲೆ ಹೇಳಿದ ಪೇಚು ಇಲ್ಲಿ ಸಾಮಾನ್ಯವಾಗಿ ಎದುರಾಗದು. ಈಚಿನ ಆವೃತ್ತಿಗಳಲ್ಲಿ ಫಾರ್ಮ್ಯಾಟ್ ಮಾಡಿದರೆ ಮೆಟಾಡೇಟಾಗೆ ಚೆಕ್‌ಸಮ್ ಇರುತ್ತದೆ, ರೀಲಿಂಕ್ ಸೌಲಭ್ಯವೂ ಇರುತ್ತದೆ: 40 ಜಿಬಿಯ ವಿಡಿಯೊವನ್ನು ಅದೇ ಡಿಸ್ಕಿನಲ್ಲಿ ನಕಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ತಿದ್ದಿದ ಭಾಗಕ್ಕಷ್ಟೇ ಹೊಸ ಜಾಗ ಖರ್ಚಾಗುತ್ತದೆ. ಎಡಿಟಿಂಗ್ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ತೆರಬೇಕಾದ ಬೆಲೆ ಏನೆಂದರೆ, ಇದನ್ನು ಹಿಗ್ಗಿಸಬಹುದು, ಬಳಕೆಗೆ ಬರುವ ಮಟ್ಟಿಗೆ ಕುಗ್ಗಿಸಲಾಗದು. ಲಾಗ್ ಎಂದು ಇಲ್ಲಿ ಕರೆಯುವ ಜರ್ನಲ್‌ನ ಗಾತ್ರವೂ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಕಡತದ ಒಡಲನ್ನು ಜರ್ನಲ್‌ನಲ್ಲಿಡುವ ನಡೆಯೇ ಇಲ್ಲಿಲ್ಲ. ಇಎಕ್ಸ್‌ಟಿ4ರ ಜರ್ನಲ್ 128 ಜಿಬಿಗಿಂತ ದೊಡ್ಡ ಡಿಸ್ಕಿಗೆ ತಾನಾಗಿ 1 ಜಿಬಿ ಇರುತ್ತದೆ ಮತ್ತು ಅನ್‌ಮೌಂಟ್ ಮಾಡಿ ತೆಗೆದು ಹೊಸ ಅಳತೆಯಲ್ಲಿ ಹಾಕಬಹುದು. ಎಕ್ಸ್‌ಎಫ್‌ಎಸ್‌ನಲ್ಲಿ ಆ ಸಡಿಲಿಕೆ ಇಲ್ಲ. ಹಾಗೆಂದು ಕೈಯಾರೆ ಗಾತ್ರ ಕೊಡಲು ಹೋಗಬೇಡಿ, ಫಾರ್ಮ್ಯಾಟ್ ಮಾಡುವ ಸಲಕರಣೆ ಆರಿಸುವ ಗಾತ್ರ ಸಾಮಾನ್ಯ ಕೆಲಸಕ್ಕೆ ಸರಿಯಾಗಿಯೇ ಇರುತ್ತದೆ.

ಲಕ್ಷಗಟ್ಟಲೆ ಪುಟ್ಟ ಕಡತಗಳನ್ನು ಅಳಿಸುವಾಗ ಎಕ್ಸ್‌ಎಫ್‌ಎಸ್ ತೆವಳುತ್ತದೆ ಎಂಬ ಹಳೆಯ ದೂರು ಇಂದಿಗೂ ಅಲ್ಲಲ್ಲಿ ಕೇಳುತ್ತದೆ. ತಿದ್ದುಪಡಿಗಳನ್ನು ಮೆಮೊರಿಯಲ್ಲಿ ಒಟ್ಟುಗೂಡಿಸಿ ಲಾಗ್‌ಗೆ ಬರೆಯುವ ವಿಧಾನ 2011ರ 2.6.39ನೇ ಕರ್ನೆಲ್‌ನಿಂದ ತಾನಾಗಿ ಜಾರಿಯಾದ ಮೇಲೆ ಆ ಮಾತಿಗೆ ಹೆಚ್ಚು ತಿರುಳಿಲ್ಲ. ಅಂಥ ಕೆಲಸವೇ ಹೆಚ್ಚಿದ್ದರೆ, ಮೌಂಟ್ ಮಾಡುವಾಗ ಲಾಗ್ ಬಫರ್‌ನ ಗಾತ್ರವನ್ನು 32 ಕೆಬಿಯಿಂದ 256 ಕೆಬಿಗೆ ಏರಿಸುವ ಒಂದು ಆಯ್ಕೆಯನ್ನು ಪ್ರಯತ್ನಿಸಿ ನೋಡಬಹುದು.

ರಿಪೇರಿಯ ಬಗ್ಗೆ ಎಚ್ಚರಿಕೆಯೊಂದಿದೆ. ಯಂತ್ರ ದಿಢೀರನೆ ಆರಿದ ಮೇಲೆ ಎಕ್ಸ್‌ಎಫ್‌ಎಸ್‌ನ ಲಾಗ್ ಮರುನಡೆಯುವುದು ಮೌಂಟ್ ಮಾಡುವಾಗಲೇ. ಲಾಗ್‌ನಲ್ಲಿ ಬಾಕಿ ಉಳಿದಿರುವಾಗ ರಿಪೇರಿ ಸಲಕರಣೆಯನ್ನು ಓಡಿಸಿದರೆ ಅದು ‘ಮೊದಲು ಒಮ್ಮೆ ಮೌಂಟ್ ಮಾಡಿ ನೋಡಿ’ ಎಂದು ನಿರಾಕರಿಸುತ್ತದೆ, ಹಾಗೂ ಸಾಧ್ಯವಾಗದಿದ್ದರೆ ಲಾಗ್ ಅನ್ನು ಸೊನ್ನೆ ಮಾಡುವ ಆಯ್ಕೆಯನ್ನು ತಿಳಿಸುತ್ತದೆ. ಗಾಬರಿಯಲ್ಲಿರುವವರ ಕಣ್ಣು ನೇರವಾಗಿ ಆ ಎರಡನೆಯ ಮಾತಿನ ಮೇಲೆಯೇ ಬೀಳುತ್ತದೆ. ಅದು ಕಿರ್ದಿಯ ಹಾಳೆಗಳನ್ನು ಹರಿದು ಬಿಸಾಡಿದಂತೆ: ಖಾತೆಗೆ ಏರದೆ ಉಳಿದದ್ದೆಲ್ಲ ಹೋಯಿತು. ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳದೆ ಆ ಆಯ್ಕೆಯನ್ನು ಮುಟ್ಟಬಾರದು.

ಬಿಟಿಆರ್‌ಎಫ್‌ಎಸ್

ಕಟ್ಟುನಿಟ್ಟಾಗಿ ನೋಡಿದರೆ ಇದನ್ನು ಜರ್ನಲ್ ಫೈಲ್‌ಸಿಸ್ಟಮ್‌ಗಳ ಸಾಲಿಗೆ ಸೇರಿಸುವಂತಿಲ್ಲ. ಇಲ್ಲಿ ಹಳೆಯ ಪುಟವನ್ನು ತಿದ್ದುವ ಪದ್ಧತಿಯೇ ಇಲ್ಲ. ತಿದ್ದುಪಡಿಯಾದ ಪುಟವನ್ನು ಖಾಲಿ ಜಾಗದಲ್ಲಿ ಹೊಸದಾಗಿ ಬರೆದು, ಎಲ್ಲ ಮುಗಿದ ಮೇಲೆ ಮೊದಲ ಹಾಳೆಯ ಸೂಚಿಯನ್ನು ಹೊಸ ಪುಟದತ್ತ ತಿರುಗಿಸುತ್ತದೆ. ನಡುವೆ ಕರೆಂಟ್ ಹೋದರೆ ಸೂಚಿ ಹಳೆಯ ಪುಟವನ್ನೇ ತೋರಿಸುತ್ತಿರುತ್ತದೆ. ಎಫ್‌ಸಿಂಕ್ ಬೇಗ ಮುಗಿಯಲೆಂದು ಒಂದು ಸಣ್ಣ ಲಾಗ್ ಇದೆ, ಅಷ್ಟೇ. ಆದರೂ ಆಯ್ಕೆಯ ಪರದೆಯಲ್ಲಿ ಇದು ಮಿಕ್ಕೆರಡರ ಪಕ್ಕದಲ್ಲೇ ಇರುವುದರಿಂದ ಬಿಟ್ಟು ಮುಂದೆ ಹೋಗಲಾಗದು.

2007ರಲ್ಲಿ ಒರಾಕಲ್‌ನಲ್ಲಿದ್ದಾಗ ಕ್ರಿಸ್ ಮೇಸನ್ ಆರಂಭಿಸಿದ ಈ ಕೆಲಸ 2009ರಲ್ಲಿ ಕರ್ನೆಲ್ ಸೇರಿತು. 2020ರ ಫೆಡೋರಾ 33ರಿಂದ ಅದರ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ತಾನಾಗಿ ಬರುತ್ತಿದೆ. ಅತ್ತ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ 8ನೇ ಆವೃತ್ತಿಯಿಂದ ಇದನ್ನು ಕೈಬಿಟ್ಟಿದೆ. ಒಂದೇ ಊರಿನ ಇಬ್ಬರು ವೈದ್ಯರು ಒಂದೇ ಔಷಧದ ಬಗ್ಗೆ ಬೇರೆ ಬೇರೆ ಹೇಳಿದಂತೆ ಇದು ಕೇಳಿಸಬಹುದು. ಆದರೆ ರೋಗಿಗಳು ಬೇರೆ: ಲ್ಯಾಪ್‌ಟಾಪ್ ಬಳಸುವವರಿಗೆ ಬೇಕಾದದ್ದು ಅಪ್‌ಡೇಟ್ ಕೆಟ್ಟರೆ ನಿನ್ನೆಗೆ ಮರಳುವ ಸ್ನ್ಯಾಪ್‌ಶಾಟ್, ಚಿಕ್ಕ ಎಸ್‌ಎಸ್‌ಡಿಯಲ್ಲಿ ಹೆಚ್ಚು ಹಿಡಿಸುವ ಝಡ್‌ಸ್ಟ್ಯಾಂಡರ್ಡ್ ಸಂಕೋಚನ, ಸದ್ದಿಲ್ಲದೆ ಕೊಳೆಯುವ ಕಡತವನ್ನು ಗುರುತಿಸುವ ಚೆಕ್‌ಸಮ್. ಈ ಮೂರನ್ನೂ ಕೊಡುವುದು ಈ ಪಟ್ಟಿಯಲ್ಲಿ ಇದೊಂದೇ. ಮೆಟಾಡೇಟಾಗೆ ಮಾತ್ರವಲ್ಲದೆ ಕಡತದ ಒಡಲಿಗೂ ಚೆಕ್‌ಸಮ್ ಇಡುತ್ತದೆ. ಒಂದೇ ಡಿಸ್ಕ್ ಇದ್ದರೆ ಕೊಳೆತದ್ದು ತಿಳಿಯುತ್ತದೆ, ಸರಿಯಾಗುವುದಿಲ್ಲ; ಎರಡು ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟಿದ್ದರೆ ಸರಿಯೂ ಆಗುತ್ತದೆ.

ಡೇಟಾಬೇಸ್, ವರ್ಚುವಲ್ ಯಂತ್ರದ ಡಿಸ್ಕ್ ಕಡತ ಇಂಥವುಗಳ ನಡುನಡುವೆ ಸದಾ ತಿದ್ದುವಾಗ ಪ್ರತಿ ತಿದ್ದುಪಡಿಯೂ ಹೊಸ ಜಾಗಕ್ಕೆ ಹೋಗಿ ಕಡತ ಚಿಂದಿಯಾಗುತ್ತದೆ. ಆ ಫೋಲ್ಡರಿಗೆ ಮಾತ್ರ ಈ ಪದ್ಧತಿಯನ್ನು ನಿಲ್ಲಿಸಬಹುದು, ಆದರೆ ಆಗ ಚೆಕ್‌ಸಮ್ ಕೂಡ ನಿಲ್ಲುತ್ತದೆ. ಅದಕ್ಕಾಗಿಯೇ ತಂದವರಿಗೆ ಇದು ವ್ಯಂಗ್ಯದಂತಿದೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 5 ಮತ್ತು 6ರ ನಡೆಗಳನ್ನು ಮುಖ್ಯ ದಾಖಲೆಗಳಿಗೆ ಬಳಸಬಾರದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ರಿಪೇರಿಯ ಆಯ್ಕೆಯನ್ನೂ ಬಲ್ಲವರ ಸಲಹೆಯಿಲ್ಲದೆ ಓಡಿಸಬಾರದೆಂಬ ಮಾತು ಅಲ್ಲೇ ಇದೆ. ಹಳ್ಳಿಯ ಕಂಪ್ಯೂಟರ್ ಅಂಗಡಿಯವರು ಕೈ ಹಾಕಿ ಸರಿಪಡಿಸುವ ನಿರೀಕ್ಷೆಯಿದ್ದರೆ ಇದನ್ನು ಆರಿಸಬೇಡಿ.

ಉಳಿದವುಗಳ ಬಗ್ಗೆ ಎರಡೇ ಮಾತು. ರೈಸರ್‌ಎಫ್‌ಎಸ್ 2025ರ ಜನವರಿಯ 6.13ನೇ ಕರ್ನೆಲ್‌ನಿಂದ ಹೊರಹೋಗಿದೆ, ಹಳೆಯ ಡಿಸ್ಕ್ ಇದ್ದವರು ಬೇಗ ನಕಲಿಸಿಕೊಳ್ಳಬೇಕು. ಐಬಿಎಂನ ಜೆಎಫ್‌ಎಸ್ ಇನ್ನೂ ಇದೆ. ಹೊಸ ಡಿಸ್ಕಿಗೆ ಅದನ್ನು ಆರಿಸಲು ನನಗೆ ಕಾರಣ ಕಾಣುತ್ತಿಲ್ಲ.

ಕರೆಂಟ್, ಯುಪಿಎಸ್ ಮತ್ತು ಸುಳ್ಳು ಹೇಳುವ ಡಿಸ್ಕ್

ನಮ್ಮ ಮನೆಗಳಲ್ಲಿ ಯುಪಿಎಸ್ ಎಂದು ಕರೆಯುವ ಪೆಟ್ಟಿಗೆ ಹೆಚ್ಚಾಗಿ ಫ್ಯಾನು, ದೀಪಗಳಿಗೆಂದು ಹಾಕಿಸಿದ ಇನ್ವರ್ಟರ್. ಕರೆಂಟ್ ಹೋದಾಗ ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫ್ಯಾನ್ ನಿಲ್ಲುವುದಿಲ್ಲ, ಆದರೆ ಕಂಪ್ಯೂಟರ್ ಒಮ್ಮೊಮ್ಮೆ ಆರಿ ಮತ್ತೆ ಎದ್ದಿರುತ್ತದೆ. ಅನೇಕ ಇನ್ವರ್ಟರ್‌ಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ, ಬದಲಾವಣೆ ಬೇಗ ಆಗಲೆಂದು. ಫೈಲ್‌ಸಿಸ್ಟಮ್‌ನ ಆಯ್ಕೆಗಳನ್ನು ಓದುವ ಮೊದಲು ಆ ಸ್ವಿಚ್ ಎಲ್ಲಿದೆ ನೋಡಿ. ಅದಿಲ್ಲದವರು ಕಂಪ್ಯೂಟರಿಗೆಂದೇ ಒಂದು ಚಿಕ್ಕ ಯುಪಿಎಸ್ ಕೊಳ್ಳುವುದು, 4 ಟಿಬಿ ಡಿಸ್ಕಿನ ಬೆಲೆಗಿಂತ ಕಡಿಮೆಯಲ್ಲಿ ಆಗುವ ಕೆಲಸ; ಯಾವ ಜರ್ನಲ್ ನಡೆಯೂ ಅಷ್ಟು ಕಾಪಾಡದು.

ಜರ್ನಲ್ ನಿಂತಿರುವುದು ಒಂದು ನಂಬಿಕೆಯ ಮೇಲೆ: ‘ಬರೆದಾಯಿತು’ ಎಂದು ಡಿಸ್ಕ್ ಹೇಳಿದರೆ ನಿಜವಾಗಿ ಬರೆದಾಗಿರಬೇಕು. ಡಿಸ್ಕಿನೊಳಗಿನ ಕ್ಯಾಷ್‌ನಲ್ಲಿ ನಿಂತದ್ದನ್ನು ತಳಕ್ಕೆ ಇಳಿಸೆಂದು ಕರ್ನೆಲ್ ಕೊಡುವ ಅಪ್ಪಣೆಗೆ ಬ್ಯಾರಿಯರ್ ಎಂಬ ಹೆಸರಿತ್ತು. ಇಎಕ್ಸ್‌ಟಿ4ರಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಇಂದಿಗೂ ಇದೆ. ಎಕ್ಸ್‌ಎಫ್‌ಎಸ್‌ನಿಂದ ಆ ಆಯ್ಕೆಯನ್ನೇ ತೆಗೆದುಹಾಕಿದ್ದಾರೆ. ನಿಲ್ಲಿಸಿದರೆ ಬರೆಯುವ ವೇಗ ಕಣ್ಣಿಗೆ ಕಾಣುವಷ್ಟು ಏರಬಹುದು. ಬ್ಯಾಟರಿ ಬೆಂಬಲದ ಕ್ಯಾಷ್ ಇರುವ ರೇಡ್ ಕಾರ್ಡ್ ಇದ್ದವರಿಗೆ ಬಿಟ್ಟು ಮಿಕ್ಕ ಯಾರಿಗೂ ನಾನಿದನ್ನು ಹೇಳುವುದಿಲ್ಲ. ತೀರ ಅಗ್ಗದ ಕೆಲವು ಎಸ್‌ಎಸ್‌ಡಿಗಳೂ ಯುಎಸ್‌ಬಿ ಪೆಟ್ಟಿಗೆಗಳೂ ಈ ಅಪ್ಪಣೆಗೆ ಹೂಂಗುಟ್ಟಿ ಸುಮ್ಮನಿರುವುದುಂಟು. ಹಣವಿದ್ದು ಕೆಲಸ ಮುಖ್ಯವಾಗಿದ್ದರೆ, ಕರೆಂಟ್ ಹೋದರೂ ಕ್ಯಾಷ್ ಇಳಿಸುವಷ್ಟು ಶಕ್ತಿ ಹಿಡಿದಿಡುವ ಕೆಪ್ಯಾಸಿಟರ್‌ಗಳಿರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿಗೆ ಹಾಕುವುದು ಒಳ್ಳೆಯದು.

ಮೌಂಟ್ ಆಯ್ಕೆಗಳಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ: ಕಡತ ಓದಿದ ಸಮಯವನ್ನು ಬರೆದಿಡದ ‘ನೋಎಟೈಮ್’. ತಾನಾಗಿ ಬರುವ ‘ರೆಲಟೈಮ್’ ಈ ಬರೆಯುವಿಕೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿರುವುದರಿಂದ ಲಾಭ ಸಣ್ಣದು, ನಷ್ಟ ಮಾತ್ರ ಏನೂ ಇಲ್ಲವೆನ್ನಬಹುದು. ಇಎಕ್ಸ್‌ಟಿ4ರ ಜರ್ನಲ್‌ಗೆ ಮುದ್ರೆ ಒತ್ತುವ 5 ಸೆಕೆಂಡಿನ ಕಮಿಟ್ ಅವಧಿಯನ್ನು 30ಕ್ಕೆ ಏರಿಸಿದರೆ ಎಸ್‌ಡಿ ಕಾರ್ಡಿನ ಸವೆತ ತಗ್ಗುತ್ತದೆ. ಬದಲಿಗೆ ಎಫ್‌ಸಿಂಕ್ ಆಗದ ಕೆಲಸ ಕರೆಂಟ್ ಹೋದಾಗ ಇನ್ನಷ್ಟು ನಷ್ಟವಾಗುತ್ತದೆ. ಎಸ್‌ಎಸ್‌ಡಿಗೆ ಪ್ರತಿ ಅಳಿಸುವಿಕೆಯಲ್ಲೂ ಡಿಸ್ಕಾರ್ಡ್ ಮಾಡಿಸುವ (ಖಾಲಿಯಾದ ಜಾಗವನ್ನು ಡಿಸ್ಕಿಗೆ ತಿಳಿಸುವ) ಬದಲು ವಾರಕ್ಕೊಮ್ಮೆ ಓಡುವ ಎಫ್‌ಎಸ್‌ಟ್ರಿಮ್ ಸಾಕು.

ಯಾರಿಗೆ ಯಾವುದು

ಚಿತ್ರ, ವಿಡಿಯೊ ಕೂಡಿಡುವವರ ಡಿಸ್ಕ್ ಅದೇ ಕೆಲಸಕ್ಕೆ ಮೀಸಲಾಗಿದ್ದು, ಕುಗ್ಗಿಸುವ ಮಾತೇ ಇಲ್ಲದಿದ್ದರೆ ಎಕ್ಸ್‌ಎಫ್‌ಎಸ್ ಹಾಕಿ, ನೋಎಟೈಮ್ ಒಂದನ್ನು ಸೇರಿಸಿ ಬಿಟ್ಟುಬಿಡಿ. ಸ್ಥಳೀಯವಾಗಿ ರಿಪೇರಿಗೆ ಕೊಡಬೇಕಾಗುವವರು ಇಎಕ್ಸ್‌ಟಿ4 ಹಾಕಿ ಮೀಸಲನ್ನು ನೂರಕ್ಕೆ 1ಕ್ಕೆ ಇಳಿಸಿಕೊಳ್ಳಿ. ವರ್ಷಗಟ್ಟಲೆ ಮುಟ್ಟದೆ ಇಡುವ ಸಂಗ್ರಹ, ಎರಡು ಡಿಸ್ಕ್ ಕೊಳ್ಳುವ ಶಕ್ತಿ ಇವೆರಡೂ ಇದ್ದರೆ ಬಿಟಿಆರ್‌ಎಫ್‌ಎಸ್‌ನ ಜೋಡಿ ಪ್ರತಿಗೆ ನಿಜವಾದ ಅರ್ಥವಿದೆ. ಡಿಸ್ಕ್ ಆಗಾಗ ಗಿರಾಕಿಯ ವಿಂಡೋಸ್ ಕಂಪ್ಯೂಟರಿಗೂ ಹೋಗುವುದಾದರೆ ಈ ಮೂರೂ ಕೆಲಸಕ್ಕೆ ಬಾರವು. ಆಗ ಜರ್ನಲ್ ಇರುವ ಎನ್‌ಟಿಎಫ್‌ಎಸ್ ಮೇಲು, ಜರ್ನಲ್ ಇಲ್ಲದ ಎಕ್ಸ್‌ಫ್ಯಾಟ್ ಅಲ್ಲ.

ಲೆಕ್ಕದ ಯಂತ್ರಕ್ಕೆ ಇಎಕ್ಸ್‌ಟಿ4, ಆರ್ಡರ್ಡ್ ನಡೆ, ಬ್ಯಾರಿಯರ್ ಚಾಲ್ತಿ. ‘ಜರ್ನಲ್’ ನಡೆ ಹಾಕಿದರೆ ಇನ್ನೂ ಭದ್ರವಲ್ಲವೇ ಎಂದು ಕೇಳುವವರಿದ್ದಾರೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ತನ್ನ ಕಿರ್ದಿಯನ್ನು ತಾನೇ ಬರೆದುಕೊಳ್ಳುತ್ತದೆ ಮತ್ತು ಸರಿಯಾದ ಜಾಗದಲ್ಲಿ ಎಫ್‌ಸಿಂಕ್ ಕರೆಯುತ್ತದೆ. ಅದರ ಮೇಲೆ ಫೈಲ್‌ಸಿಸ್ಟಮ್ ಮತ್ತೊಮ್ಮೆ ಎಲ್ಲವನ್ನೂ ನಕಲು ಮಾಡಿಕೊಂಡರೆ ಸಿಗುವುದು ನಿಧಾನ ಮಾತ್ರ. ಉಳಿದ ಹಣವನ್ನು ಯುಪಿಎಸ್‌ಗೂ, ರಾತ್ರಿ ಬೇರೆ ಡಿಸ್ಕಿಗೆ ಹೋಗುವ ಬ್ಯಾಕಪ್‌ಗೂ ಹಾಕಿ.

ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯೇ ಯುಪಿಎಸ್. ಫೆಡೋರಾ ಹಾಕುತ್ತಿದ್ದರೆ ಅದು ಕೊಡುವ ಬಿಟಿಆರ್‌ಎಫ್‌ಎಸ್ ಅನ್ನು ಹಾಗೆಯೇ ಇಟ್ಟುಕೊಳ್ಳಲಿ, ಉಬುಂಟು ಹಾಕುತ್ತಿದ್ದರೆ ಇಎಕ್ಸ್‌ಟಿ4 ಇರಲಿ. ಬದಲಿಸಿ ನೋಡುವ ಕುತೂಹಲ ಇದ್ದರೆ ಡಿಸ್ಕಿನಲ್ಲಿ 20 ಜಿಬಿಯಷ್ಟು ಜಾಗ ಖಾಲಿ ಬಿಟ್ಟು, ಅಲ್ಲಿ ಒಂದೊಂದನ್ನೇ ಫಾರ್ಮ್ಯಾಟ್ ಮಾಡಿ, ಬೇಡವಾದ ಕಡತಗಳನ್ನು ತುಂಬಿ, ನಕಲು ನಡೆಯುತ್ತಿರುವಾಗಲೇ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ ನೋಡಲಿ. ಅದಕ್ಕೆ ಮೊದಲು ಉಳಿದ ಪಾರ್ಟಿಷನ್‌ಗಳ ಬ್ಯಾಕಪ್ ತೆಗೆದಿರಲಿ. ಮತ್ತೆ ಎದ್ದಾಗ ಯಾವ ಕಡತ ಪೂರ್ತಿ ಇದೆ, ಯಾವುದು ಅರ್ಧ, ಯಾವುದು ಸೊನ್ನೆ ಬೈಟ್ ಎಂದು ಪಟ್ಟಿ ಮಾಡಿದರೆ, ಮೇಲೆ ಬರೆದದ್ದರಲ್ಲಿ ಯಾವ ಮಾತು ತನ್ನ ಯಂತ್ರಕ್ಕೆ ಹೊಂದುತ್ತದೆ ಎಂದು ಅರ್ಧ ದಿನದಲ್ಲಿ ತಿಳಿಯುತ್ತದೆ.